ಕಾಡಿಗೆ ಬೆಂಕಿ ಇಕ್ಕುವ ಕೆಲಸ

ಆಸ್ಟ್ರೇಲಿಯಾದ ಡಾರ್ವಿನ್ ಊರಿಗೆ ಬಂದ ಮೊದಲ ವರ್ಷ, ಜೂನ್‌ನಲ್ಲಿ ಕಾಕಡು ನ್ಯಾಷನಲ್ ಪಾರ್ಕ್ ನೋಡಲು ಹೋಗಿದ್ದೆವು. ಪಾರ್ಕಿನ ಒಳಗೇ ರಸ್ತೆ ಪಕ್ಕ ಹುಲ್ಲು ಉರಿಯುತ್ತಿತ್ತು. ಗಾಬರಿಯಾಗಿ ಫೋನ್ ತೆಗೆದೆ. ಜೊತೆಗಿದ್ದ ಗೆಳೆಯ ನಕ್ಕ. "ಒಳಗಿಡು. ಹಚ್ಚಿದವರು ಅಲ್ಲೇ ಇದ್ದಾರೆ."

ಇಬ್ಬರು ರೇಂಜರ್‌ಗಳು, ಅಲ್ಲಿನ ಮೂಲನಿವಾಸಿ ಬಿನಿಂಜ್ ಜನ. ಕೈಯಲ್ಲಿ ಉದ್ದ ಮೂತಿಯ ಡಬ್ಬ. ಅದರಿಂದ ಉರಿಯುವ ಎಣ್ಣೆ ತೊಟ್ಟು ತೊಟ್ಟಾಗಿ ಹುಲ್ಲಿಗೆ ಬೀಳುತ್ತಿತ್ತು. ಬೆಂಕಿ ಮೊಣಕಾಲೆತ್ತರವೂ ಇಲ್ಲ, ಸುಮ್ನೆ ತೆವಳುತ್ತಿತ್ತು. ಮೇಲೆ ಹದ್ದುಗಳು ಸುತ್ತುತ್ತಾ, ಹೊಗೆಗೆ ಎದ್ದ ಮಿಡತೆಗಳನ್ನು ಗಾಳಿಯಲ್ಲೇ ಹಿಡಿಯುತ್ತಿದ್ದವು.

ಮಳೆಗಾಲದಲ್ಲಿ ಇಲ್ಲಿ ಹುಲ್ಲು ಆಳೆತ್ತರಕ್ಕೂ ಜಾಸ್ತಿ ಬೆಳೆಯುತ್ತದೆ. ಬಿಟ್ಟರೆ ಅಕ್ಟೋಬರ್ ಸೆಕೆಗೆ ಒಣಗಿ, ಒಂದು ಸಿಡಿಲಿಗೆ ಮರದ ತುದಿವರೆಗೂ ಹೊತ್ತಿಕೊಳ್ಳುತ್ತದೆ. ಅದಕ್ಕೇ ಇನ್ನೂ ತಂಪಿರುವಾಗಲೇ ಅಲ್ಲೊಂದು ಇಲ್ಲೊಂದು ತುಂಡು ಸುಡುತ್ತಾರೆ. ರಾತ್ರಿ ಇಬ್ಬನಿಗೆ ಅದು ತಾನೇ ಆರುತ್ತದೆ. ಬಿನಿಂಜರ ಲೆಕ್ಕದಲ್ಲಿ ವರ್ಷಕ್ಕೆ 6 ಕಾಲ. 'ಯೆಗ್ಗೆ' ಕಾಲದಲ್ಲಿ ವೂಲಿಬಟ್ ಮರ ಹೂ ಬಿಟ್ಟಿತೆಂದರೆ ಸುಡಲು ಹದ ಬಂತು ಅಂತ. ನಮ್ಮವರು ಮಳೆ ನಕ್ಷತ್ರ ನೋಡಿ ಬಿತ್ತುತ್ತಾರಲ್ವಾ, ಹಾಗೆ.

ಪಾರ್ಕ್ ನಡೆಸುವ ಮಂಡಳಿಯಲ್ಲೂ ಇವರದೇ ಬಹುಮತ. ಪಕ್ಕದ ಆರ್ನೆಮ್ ಲ್ಯಾಂಡಿನ ಕಥೆ ಇನ್ನೂ ಸೊಗಸು. ಜನ ಊರು ಬಿಟ್ಟು ಹೋದ ಮೇಲೆ ಆ ಕಲ್ಲುಬೆಟ್ಟಗಳಲ್ಲಿ ದೊಡ್ಡ ಬೆಂಕಿಗಳು ಶುರುವಾದವು. ಹಿರಿಯರು ವಾಪಸ್ ಬಂದು ನೆಲೆಸಿ, ಹಳೇ ಪದ್ಧತಿ ಎತ್ತಿ ಹಿಡಿದರು. 2006ರಿಂದ ಸುಮಾರು 28,000 ಚದರ ಕಿಲೋಮೀಟರ್‌ನಲ್ಲಿ ಅವರ ರೇಂಜರ್‌ಗಳು ಹೀಗೇ ಸುಡುತ್ತಿದ್ದಾರೆ. ದೊಡ್ಡ ಬೆಂಕಿ ತಪ್ಪಿದರೆ ಹೊಗೆಯೂ ಕಡಿಮೆ. ತಾನು ಗಾಳಿಗೆ ಬಿಡುವ ಹೊಗೆಗೆ ಬದಲಾಗಿ ಇಲ್ಲಿ ಉಳಿದ ಹೊಗೆಯ ಲೆಕ್ಕ ತೋರಿಸಲು ಡಾರ್ವಿನ್‌ನ ಗ್ಯಾಸ್ ಘಟಕವೊಂದು ವರ್ಷಕ್ಕೆ ಸುಮಾರು 10 ಲಕ್ಷ ಡಾಲರ್ ಕೊಡಲು ಒಪ್ಪಿತ್ತು.

ನಾನು ಚಾಮರಾಜನಗರದವನು. ಬಿಳಿಗಿರಿರಂಗನ ಬೆಟ್ಟದ ಸೋಲಿಗರದೂ 'ತರಗು ಬೆಂಕಿ' ಅಂತ ಇತ್ತು. ಬೇಸಿಗೆಗೆ ಮುಂಚೆ ಒಣ ತರಗಿಗಷ್ಟೇ ಹಚ್ಚುವುದು. ಅದು ನಿಂತ ಮೇಲೇ ಲಂಟಾನ ಮುತ್ತಿಕೊಂಡಿತು, ನೆಲ್ಲಿಮರಕ್ಕೆ ಉಪ್ಪಿಲು ಬಂದಳಿಕೆ ಹತ್ತಿತು ಅನ್ನುತ್ತಾರೆ ಅವರು. 2011ರಲ್ಲಿ ಅವರಿಗೆ ಕಾಡಿನ ಸಮುದಾಯ ಹಕ್ಕು ಸಿಕ್ಕಿತು. ಚಿಕ್ಕವನಿದ್ದಾಗ ನಾನಂತೂ ಅವರ ಮಾತಿಗೆ ಕಿವಿಗೊಟ್ಟವನಲ್ಲ. 'ಕಾಡಿಗೆ ಬೆಂಕಿ ಅಪರಾಧ' ಅಂತ ಪಾಠ ಒಪ್ಪಿಸಿದವನು.

ಅವತ್ತು ರಾತ್ರಿ ಅವ್ವನಿಗೆ ಫೋಟೋ ಕಳಿಸಿದೆ.

"ಕಾಡ್ಗೆ ಬೆಂಕಿ ಇಕ್ಕುದ್ರೆ ಫಾರೆಸ್ಟ್‌ನೋರು ಸುಮ್ನೆ ಬುಟ್ಟಾರಾ?"

"ಫಾರೆಸ್ಟ್‌ನೋರೇ ಇಕ್ಕೋದು ಅವ್ವ. ಸಂಬಳ ಬೇರೆ ಕೊಡ್ತಾರೆ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಎಷ್ಟು?" ಅಂದಳು.