ದಾವಣಗೆರೆ ಮಿಲ್ಲು ಮುಚ್ಚಿಸಿದ್ದು ಯೂನಿಯನ್ನಾ?

ದಾವಣಗೆರೆಯ ಬಟ್ಟೆ ಮಿಲ್ಲುಗಳ ಮಾತು ಬಂದರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಮುಷ್ಕರ ಮಾಡಿ ಮಾಡಿ ಕಾರ್ಮಿಕರೇ ಮುಚ್ಚಿಸಿದ್ರು ತಾನೇ? ಹೋಗ್ಲಿ ಬಿಡ್ರಿ, ಈಗ ಕಾಲೇಜು, ಆಸ್ಪತ್ರೆ ಬಂದಾವಲ್ಲ, ಊರಿಗೇನು ನಷ್ಟ?’ ಮುಷ್ಕರಗಳ ಪಾಲು ಇಲ್ಲವೇ ಇಲ್ಲ ಅನ್ನಲಾರೆ. ಆದರೆ ಮುಖ್ಯ ಕಾರಣ ಅದಲ್ಲ.

ಮೊದಲ ಕಾರಣ ಕರೆಂಟು. ನೂಲು ತೆಗೆಯುವ ಯಂತ್ರ ರಿಂಗ್ ಫ್ರೇಮಿನಿಂದಲೇ ಶುರು ಮಾಡೋಣ. ಹಳೆಯ ಫ್ರೇಮೊಂದರಲ್ಲಿ ನಾನೂರರ ಆಸುಪಾಸು ಕದಿರು (ನೂಲು ಸುತ್ತಿಕೊಳ್ಳುವ ಸರಳು). ನಲವತ್ತನೇ ನಂಬರಿನ ನೂಲು ಅಂದರೆ 840 ಗಜದ ಲಡಿಗಳು ನಲವತ್ತು ಸೇರಿದರೆ ಒಂದು ಪೌಂಡ್ ತೂಗುವಷ್ಟು ಸಣ್ಣ ಎಳೆ. ಕರೆಂಟ್ ಏಕಾಏಕಿ ಹೋದರೆ ಕದಿರು ನಿಲ್ಲುವ ಹೊತ್ತಿಗೆ ಎಳೆ ಸಡಿಲಾಗಿ ತನಗೆ ತಾನೇ ಸುತ್ತಿಕೊಳ್ಳುತ್ತದೆ. ಮತ್ತೆ ಸ್ವಿಚ್ ಒತ್ತಿದಾಗ ಸಾಲುಸಾಲಾಗಿ ಪಟಪಟ ಕಡಿಯುತ್ತದೆ. ಕಡಿದ ಒಂದೊಂದು ಎಳೆಯನ್ನೂ ಕೈಯಿಂದಲೇ ಕೂಡಿಸಬೇಕು. ಹಾಗಾಗಿ ಹತ್ತು ನಿಮಿಷ ಕರೆಂಟ್ ಹೋದರೆ ಹಾಳಾಗುವುದು ಬರೀ ಹತ್ತು ನಿಮಿಷವಲ್ಲ. ಮೇಲಾಗಿ ನೂಲುವ ವಿಭಾಗದ ಗಾಳಿಯಲ್ಲಿ ತೇವ ಶೇ. 55–60ರಷ್ಟು ಇರಬೇಕು. ನಮ್ಮ ಮಾರ್ಚ್ ಬಿಸಿಲಿನಲ್ಲಿ ತೇವ ಕೊಡುವ ಪ್ಲಾಂಟ್ ನಿಂತರೆ ಹತ್ತಿ ಒಣಗಿ ಹಾರುತ್ತದೆ, ಎಳೆ ಇನ್ನಷ್ಟು ಕಡಿಯುತ್ತದೆ. ಮಿಲ್ಲುಗಳು ಜೋರಾಗಿ ಓಡುತ್ತಿದ್ದ ಕಾಲದಲ್ಲಿ ರಾಜ್ಯದ ವಿದ್ಯುತ್ತು ಬಹುಪಾಲು ಶರಾವತಿಯಂಥ ಜಲವಿದ್ಯುತ್. ಮಳೆ ಕೈಕೊಟ್ಟ ವರ್ಷ ಮೊದಲ ಕಡಿತ ಕಾರ್ಖಾನೆಗಳಿಗೇ.

ಇದಕ್ಕಿಂತ ದೊಡ್ಡ ಏಟು ಕೊಟ್ಟದ್ದು ಸರ್ಕಾರದ ನೀತಿ. ನೂಲುವುದು, ನೇಯುವುದು, ಬಣ್ಣ ಹಾಕುವುದು ಎಲ್ಲ ಒಂದೇ ಸೂರಿನಡಿ ನಡೆಸುವ ಕಾಂಪೋಸಿಟ್ ಮಿಲ್ಲುಗಳು ಮಗ್ಗ ಹೆಚ್ಚಿಸದಂತೆ 1956ರಲ್ಲೇ ತಡೆ ಬಿತ್ತು. ಕೈಮಗ್ಗ ಉಳಿಯಲಿ ಎಂಬುದು ಉದ್ದೇಶ. ಆ ಜಾಗಕ್ಕೆ ನುಗ್ಗಿದ್ದು ಸಣ್ಣ ಶೆಡ್ಡುಗಳಲ್ಲಿ ಕರೆಂಟಿನಿಂದ ಓಡುವ ಮಗ್ಗ, ಪವರ್‌ಲೂಮ್. ನಾಲ್ಕು ಮಗ್ಗದ ಶೆಡ್ಡಿಗೆ ಪಿಎಫ್ ಇಲ್ಲ, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇಲ್ಲ, ಸುಂಕದ ಭಾರವೂ ಹಗುರ. ಮಿಲ್ಲಿಗೆ ಇವೆಲ್ಲ ಇದ್ದವು, ಜೊತೆಗೆ ಸರ್ಕಾರವೇ ಬೆಲೆ ಗೊತ್ತುಮಾಡಿದ ಅಗ್ಗದ ‘ನಿಯಂತ್ರಿತ’ ಬಟ್ಟೆ ನೇಯ್ದು ಕೊಡುವ ಹೊಣೆ ಬೇರೆ. ಇಷ್ಟರ ನಡುವೆ ಲಾಭ ಕಂಡ ವರ್ಷ ಹೊಸ ಯಂತ್ರಕ್ಕೆ ದುಡ್ಡು ಹಾಕದೆ ಹಳೇ ಷಟಲ್ ಮಗ್ಗಗಳನ್ನೇ ಓಡಿಸಿದ ಮಾಲೀಕರೂ ಇದ್ದರು. ಯೂನಿಯನ್ ದೂರುವಾಗ ಈ ಭಾಗ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಥೆ ಬೇರೆ. ಅಲ್ಲಿ ಶೇಂಗಾ ಎಣ್ಣೆ ಮಿಲ್ಲುಗಳಿಗೆ ಪೆಟ್ಟು ಕೊಟ್ಟದ್ದು 1994ರಲ್ಲಿ ಆಮದಿಗೆ ಬಾಗಿಲು ತೆರೆದ ಅಗ್ಗದ ತಾಳೆ ಎಣ್ಣೆ, ಪಾಮೋಲಿನ್. ಈಗ ಅದೇ ತಾಲ್ಲೂಕಿನ ಕಾವಲುಗಳಲ್ಲಿ ಐಐಎಸ್‌ಸಿ ಕ್ಯಾಂಪಸ್ಸು, ಡಿಆರ್‌ಡಿಒ ಪರೀಕ್ಷಾ ವಲಯ. ಗಾಣದಲ್ಲಿ ಹಿಂಡಿ ಎತ್ತುತ್ತಿದ್ದವನಿಗೆ ಅಲ್ಲಿ ಸಿಗುವ ಕೆಲಸವೆಂದರೆ ಹೆಚ್ಚೆಂದರೆ ಗೇಟು ಕಾಯುವುದು.

‘ಕಾಲೇಜು, ಆಸ್ಪತ್ರೆ ಬಂದಾವಲ್ಲ, ಊರಿಗೇನು ನಷ್ಟ’ ಎಂಬ ಎರಡನೇ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ದಾವಣಗೆರೆಯಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಶುರುವಾದದ್ದು 1958ರಲ್ಲಿ, ಜೆಜೆಎಂ ಮೆಡಿಕಲ್ ಕಾಲೇಜು 1965ರಲ್ಲಿ. ಅಂದರೆ ಮಿಲ್ಲುಗಳು ಓಡುತ್ತಿದ್ದಾಗಲೇ ಕಾಲೇಜುಗಳೂ ಇದ್ದವು. ಒಂದು ಹೋಗಿ ಇನ್ನೊಂದು ಬಂತು ಅನ್ನುವುದೇ ತಪ್ಪು ಲೆಕ್ಕ. ಮಿಲ್ಲಿನಿಂದ ಹೊರಬಿದ್ದ ನಲವತ್ತೈದು ವಯಸ್ಸಿನ ವೈಂಡರ್ (ನೂಲು ಸುತ್ತುವವನು) ಲ್ಯಾಬ್ ಟೆಕ್ನಿಷಿಯನ್ ಆಗಲಿಲ್ಲ. ಆಟೋ, ಹಮಾಲಿ, ಪಿಜಿ ಅಡುಗೆಮನೆ, ಹೆಚ್ಚೆಂದರೆ ಮಗಳಿಗೊಂದು ನರ್ಸಿಂಗ್ ಸೀಟು. ಇಡೀ ದೇಶದ್ದೂ ಇದೇ ಚಿತ್ರ: ಒಟ್ಟು ಉತ್ಪನ್ನದಲ್ಲಿ ಸೇವಾವಲಯದ ಪಾಲು ಅರ್ಧ ದಾಟಿದೆ, ಆದರೂ ದುಡಿಯುವವರಲ್ಲಿ ಶೇ. 45ರ ಆಸುಪಾಸು ಜನ ಇನ್ನೂ ಹೊಲದಲ್ಲೇ ಇದ್ದಾರೆ. (ಇಂದಿಗೂ ಊರಿನ ಆಕಾಶಕ್ಕೆ ಹೊಗೆ ಬಿಡುತ್ತಿರುವುದು ಮಂಡಕ್ಕಿ ಭಟ್ಟಿ. ಅದನ್ನು ಯಾವ ಆರ್ಥಿಕತೆಗೆ ಸೇರಿಸುತ್ತೀರೋ ನೀವೇ ಹೇಳಿ.)

ನಿಜವಾಗಿ ಹೋದದ್ದು ತಿಂಗಳ ಸಂಬಳದ ಚೀಟಿ. ಅದರ ಬದಲಿಗೆ ಕೈಗೆ ಬರುವುದೆಷ್ಟು, ಲೆಕ್ಕ ಹಾಕಿ: ಕೊನೆಯ ಮೂಲವೇತನ, ಡಿಎ ಸೇರಿ 3,000 ರೂ., ಸೇವೆ 20 ವರ್ಷ ಅಂದುಕೊಳ್ಳಿ. ಗ್ರಾಚ್ಯುಟಿ ಅಂದರೆ ತಿಂಗಳಿಗೆ 26 ದಿನವೆಂದು ಹಿಡಿದು, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ. ಒಟ್ಟು 34,615 ರೂ. ಮುಚ್ಚುಗಡೆ ಪರಿಹಾರವೂ ವರ್ಷಕ್ಕೆ 15 ದಿನದ ಸಂಬಳವೇ. ಅದೂ ಕೈಗೆ ಬಂದರೆ. ಮುಚ್ಚಿದ ಕಂಪನಿಯ ಆಸ್ತಿ ಮಾರಿ ಸಾಲ ತೀರಿಸುವ ಲಿಕ್ವಿಡೇಟರ್ ಮುಂದೆ ಬ್ಯಾಂಕಿನವರೂ ಸಾಲಿನಲ್ಲಿ ನಿಂತಿರುತ್ತಾರೆ.

ಅಪ್ಪ ಮಿಲ್ಲಿನಲ್ಲಿದ್ದರು ಅನ್ನುವವರಿಗೆ ಒಂದು ಮಾತು. ಹಳೇ ಟ್ರಂಕ್ ತೆಗೆದು ನೋಡಿ, ‘ಕೆಎನ್’ ಅಕ್ಷರಗಳಿಂದ ಶುರುವಾಗುವ ಪಿಎಫ್ ನಂಬರ್ ಇದ್ದೀತು. ಹತ್ತು ವರ್ಷದ ಸೇವೆ ತುಂಬಿದ್ದು, 1995ರ ನವೆಂಬರ್‌ನಲ್ಲಿ ಪಿಎಫ್‌ನ ಪಿಂಚಣಿ ಯೋಜನೆ ಬಂದ ಮೇಲೂ ಕೆಲಸದಲ್ಲಿದ್ದರೆ ಪಿಂಚಣಿ ಕೇಳುವ 10-ಡಿ ಫಾರಂ ಹಾಕಬಹುದು. ತಂದೆ ತೀರಿಕೊಂಡಿದ್ದರೆ ತಾಯಿಯ ಪಿಂಚಣಿಗೂ ಅದೇ ಫಾರಂ. ಸಹಿ ಹಾಕಲು ಮಿಲ್ಲೇ ಇಲ್ಲವಲ್ಲ ಎಂದು ಕೈಬಿಡಬೇಡಿ, ಮುಚ್ಚಿದ ಸಂಸ್ಥೆಯಾದರೆ ಬ್ಯಾಂಕ್ ಮ್ಯಾನೇಜರ್ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣವೂ ನಡೆಯುತ್ತದೆ. ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಹೆಸರಿನಿಂದ: ಮಿಲ್ಲಿನ ದಾಖಲೆಯಲ್ಲಿ ‘ಹನುಮಪ್ಪ’, ಆಧಾರ್‌ನಲ್ಲಿ ‘ಹನುಮಂತಪ್ಪ’. ಫಾರಂ ತುಂಬುವ ಮೊದಲೇ ಅದನ್ನು ಸರಿಪಡಿಸಿಕೊಳ್ಳಿ.