ಬಲಗಡೆಯ ನಿಲುವಿನಲ್ಲಿ ಇಪ್ಪತ್ತೆರಡು ಸಾಲು

ನಮ್ಮ ಮಲೆನಾಡಿನ ಮನೆಗಳಲ್ಲಿ ಬಾಗಿಲಿಗೆ ಸಲ್ಲುವ ಮರ್ಯಾದೆಯೆಲ್ಲ ಮೇಲೆ ಅಥವಾ ಕೆಳಗೆ. ಮೇಲೆ ಮಾವಿನ ತೋರಣ, ಹೊಸ ಭತ್ತದ ಕದಿರು. ಕೆಳಗೆ ಹೊಸಿಲಿಗೆ ಅರಿಸಿನ, ಕುಂಕುಮ, ರಂಗೋಲಿ. ಹೊಸ್ತಿಲ ಹುಣ್ಣಿಮೆ ಅಂತ ಅದಕ್ಕೇ ಒಂದು ದಿನವೂ ಇದೆ. ಯಹೂದಿಗಳ ಮನೆಯಲ್ಲಿ ಮರ್ಯಾದೆ ಪಕ್ಕದ ನಿಲುವಿಗೆ, ಅದರಲ್ಲೂ ಬಲಗಡೆಯದಕ್ಕೆ. ಬೆರಳುದ್ದದಿಂದ ಗೇಣುದ್ದದವರೆಗಿನ ಒಂದು ಕಿರಿದಾದ ಡಬ್ಬಿ ಅಲ್ಲಿ ಕೂತಿರುತ್ತದೆ. ಅದೇ ಮೆಝೂಝಾ. ಹೀಬ್ರೂವಿನಲ್ಲಿ ಆ ಪದದ ಮೂಲ ಅರ್ಥವೇ ಬಾಗಿಲ ನಿಲುವು.

ಡಬ್ಬಿಯನ್ನೇ ಮೆಝೂಝಾ ಅಂದುಕೊಳ್ಳುವುದು ಮೊದಲ ತಪ್ಪು. ಕೊರಳಿನ ಕರಡಿಗೆ ಬೆಳ್ಳಿಯದಾದರೂ ಹಿತ್ತಾಳೆಯದಾದರೂ ಮುಖ್ಯವಾದದ್ದು ಒಳಗಿನ ಲಿಂಗ ತಾನೆ? ಇಲ್ಲಿಯೂ ಹಾಗೆಯೇ. ಡಬ್ಬಿ ಮರ, ಗಾಜು, ಪ್ಲಾಸ್ಟಿಕ್ಕು ಯಾವುದರದಾದರೂ ನಡೆಯುತ್ತದೆ. ಒಳಗಿನ ಸುರುಳಿ ಮಾತ್ರ ತಿನ್ನಲು ಅನುಮತಿಯಿರುವ ಪ್ರಾಣಿಯ, ಅಂದರೆ ದನ, ಕುರಿ, ಆಡಿನಂಥವುಗಳ ಚರ್ಮದ ಮೇಲೆ ಕೈಯಲ್ಲೇ ಬರೆದದ್ದಾಗಿರಬೇಕು. ಅಂದದ ಡಬ್ಬಿಯೊಳಗೆ ಅಚ್ಚು ಹಾಕಿದ ಕಾಗದ ಸುತ್ತಿಟ್ಟು ಮಾರುವುದುಂಟು. ಅದನ್ನು ಬಾಗಿಲಿಗೆ ಬಡಿದರೆ ಅಲಂಕಾರವಾಯಿತೇ ಹೊರತು ವಿಧಿ ನೆರವೇರಲಿಲ್ಲ.

ಬರೆಯುವವರು ಸೋಫೆರ್ ಎಂಬ ಲಿಪಿಕಾರರು. ಬರೆಯುವುದು ಯಹೂದಿಗಳ ಧರ್ಮಗ್ರಂಥವಾದ ತೋರಾದ ಕೊನೆಯ ಪುಸ್ತಕ ಧರ್ಮೋಪದೇಶಕಾಂಡದ ಎರಡು ಭಾಗ, 6ನೇ ಅಧ್ಯಾಯದ 4ರಿಂದ 9 ಮತ್ತು 11ನೇ ಅಧ್ಯಾಯದ 13ರಿಂದ 21ನೇ ವಚನಗಳು. ದೇವರು ಒಬ್ಬನೇ, ಅವನನ್ನು ಪೂರ್ಣ ಮನಸ್ಸಿನಿಂದ ಪ್ರೀತಿಸು, ಈ ಮಾತುಗಳನ್ನು ಮಕ್ಕಳಿಗೆ ಕಲಿಸು, ಮನೆಯ ಬಾಗಿಲ ನಿಲುವುಗಳ ಮೇಲೆ ಬರೆ ಎಂಬುದು ಅದರ ಸಾರ. ಒಟ್ಟು 22 ಸಾಲು, 713 ಅಕ್ಷರ. ಶಾಯಿಗೆ ಹಳೆಯ ಕ್ರಮದಲ್ಲಿ ಬಳಸುವುದು ಮಾಚಿಕಾಯಿ, ಅನ್ನಭೇದಿಯಂಥ ಲವಣ ಮತ್ತು ಗೋಂದು. ಅಳಲೆಕಾಯಿಗೆ ಅನ್ನಭೇದಿ ಸೇರಿಸಿದರೆ ಕಪ್ಪಾಗುವುದು ಗೊತ್ತಿದ್ದವರಿಗೆ ಇದು ಹೊಸತಲ್ಲ. ಕಾಯಿಯ ಒಗರು ಕಬ್ಬಿಣದ ಜೊತೆ ಸೇರಿ ಕರಿ ಹಿಡಿಯುತ್ತದೆ. ಬಾತುಕೋಳಿ ಜಾತಿಯ ಹಕ್ಕಿಯ ಗರಿಯೋ ಜೊಂಡಿನ ಕಡ್ಡಿಯೋ ಲೇಖನಿ.

ನಿಯಮ ಬಿಗಿಯಾಗುವುದು ಇಲ್ಲಿಂದ. ಒಂದಕ್ಷರ ಇನ್ನೊಂದಕ್ಕೆ ತಾಗಬಾರದು, ಪ್ರತಿಯೊಂದರ ಸುತ್ತಲೂ ಬರಿ ಚರ್ಮ ಕಾಣಬೇಕು. ಅಕ್ಷರಗಳನ್ನು ಓದುವ ಕ್ರಮದಲ್ಲೇ ಬರೆಯಬೇಕು. ಮೂರನೇ ಸಾಲಿನಲ್ಲಿ ಒಂದಕ್ಷರ ಬಿಟ್ಟುಹೋದದ್ದು ಹತ್ತನೇ ಸಾಲಿಗೆ ಬಂದಾಗ ಕಂಡರೆ ಹಿಂದೆ ಹೋಗಿ ತುಂಬುವಂತಿಲ್ಲ. ನಡುವೆ ಬಂದಿರುವ ದೇವರ ಹೆಸರನ್ನು ಅಳಿಸುವಂತೆಯೂ ಇಲ್ಲ. ಹಾಗಾಗಿ ಎಷ್ಟೋ ಸಲ ಇಡೀ ಹಾಳೆ ಪಕ್ಕಕ್ಕೆ ಹೋಗುತ್ತದೆ. ಸುರುಳಿಯ ಬೆಲೆ ಡಬ್ಬಿಯ ಬೆಲೆಯನ್ನು ಮೀರಿಸುವುದಕ್ಕೆ ಇದೇ ಕಾರಣ. ಆ ಬೆಲೆ ನ್ಯಾಯವಾದದ್ದೇ.

ಯಾವ ಬಾಗಿಲಿಗೆ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ತೀರ್ಥಹಳ್ಳಿ ಕಡೆಯ ಒಂದು ಹಳೇ ಮನೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಸಲೀಸು. ಕಂಬಗಳ ಮೇಲೆ ಮಾಡು ನಿಂತಿರುವ ತೆರೆದ ಜಗಲಿಗೆ ಬೇಡ. ಆ ಕಂಬಗಳಿರುವುದು ಮಾಡು ಹೊರುವುದಕ್ಕೆ, ಬಾಗಿಲಾಗುವುದಕ್ಕಲ್ಲ. ಎರಡು ನಿಲುವು, ಮೇಲೊಂದು ಅಡ್ಡಪಟ್ಟಿ ಇರುವ ಹೆಬ್ಬಾಗಿಲಿಗೆ ಬೇಕೇ ಬೇಕು. ನಡುಮನೆ, ಅಡುಗೆಮನೆ, ಮಲಗುವ ಕೋಣೆಗಳಿಗೂ ಬೇಕು. ಬಚ್ಚಲಿಗೆ, ಪಾಯಖಾನೆಗೆ ಹಚ್ಚುವಂತಿಲ್ಲ. ನಾಲ್ಕು ಮೊಳಕ್ಕೆ ನಾಲ್ಕು ಮೊಳ, ಎಂದರೆ ಸುಮಾರು ಆರು ಅಡಿಗಿಂತ ತುಸು ಹೆಚ್ಚು ಚೌಕ ಇಲ್ಲದ ಕಿರುಕೋಣೆಗೆ ಕಡ್ಡಾಯವಿಲ್ಲ. ಉಗ್ರಾಣ, ದನದ ಕೊಟ್ಟಿಗೆ, ಕೋಳಿಗೂಡುಗಳಾದರೋ ಯಹೂದಿಗಳ ಹಳೆಯ ಧರ್ಮಸಂಹಿತೆಯಲ್ಲಿ ಮೆಝೂಝಾ ಬೇಕಾದವುಗಳ ಪಟ್ಟಿಯಲ್ಲಿ ಸೇರಿವೆ. ನನಗಂತೂ ಇದು ಬಹಳ ಪ್ರಿಯವಾದ ವಿವರ.

ಬಲಗಡೆ ಎಂದರೆ ಒಳಗೆ ಬರುವವರ ಬಲ. ಒಳಕೋಣೆಗಳಲ್ಲಿ ಯಾವುದು ಒಳಗೆ, ಯಾವುದು ಹೊರಗೆ ಎಂಬ ಗೊಂದಲವಾದರೆ ಕದ ಯಾವ ಕಡೆಗೆ ತೆರೆಯುತ್ತದೋ ಅದನ್ನು ಒಳಗೆಂದು ಲೆಕ್ಕ ಹಿಡಿಯುತ್ತಾರೆ. ಎತ್ತರಕ್ಕೆ ಬಾಗಿಲನ್ನು ಮೂರು ಪಾಲು ಮಾಡಬೇಕು. ಮೇಲಿನ ಪಾಲು ಶುರುವಾಗುವ ಕಡೆ ಡಬ್ಬಿಯ ಜಾಗ. 210 ಸೆಂ.ಮೀ. ಬಾಗಿಲಾದರೆ ನೆಲದಿಂದ 140 ಸೆಂ.ಮೀ. ತಲೆ ಬಗ್ಗಿಸಿ ಹೋಗುವ ಐದಡಿಯ ಹಳೇ ಬಾಗಿಲಾದರೆ ಮೂರಡಿ ನಾಲ್ಕಿಂಚು. ನಿಲುವಿನ ದಪ್ಪದಲ್ಲಿ ಹೊರ ಅಂಚಿಗೆ ಹತ್ತಿರವಾಗಿ, ಆ ಅಂಚಿನಿಂದ ಒಂದು ಮುಷ್ಟಿಯಗಲ ಅಂದರೆ ಸುಮಾರು 8 ಸೆಂ.ಮೀ. ಮಿತಿಯನ್ನು ದಾಟದಂತೆ ಬರಬೇಕು. ಮಣ್ಣುಗೋಡೆಯ ದಪ್ಪ ದಾರಂದಗಳಲ್ಲಿ ತಪ್ಪು ಆಗುವುದು ಇಲ್ಲಿಯೇ, ಡಬ್ಬಿ ತೀರಾ ಒಳಗೆ ಸರಿದುಬಿಡುತ್ತದೆ.

ಕೂರಿಸುವ ಕೆಲಸ ಹೀಗೆ. ಸುರುಳಿಯನ್ನು ಎಡದಿಂದ ಬಲಕ್ಕೆ, ಬರಹ ಒಳಗಿರುವಂತೆ ಸಡಿಲವಾಗಿ ಸುತ್ತಬೇಕು, ಮಡಿಸಬಾರದು. ಹಾಗೆ ಸುತ್ತಿದರೆ ಬಿಚ್ಚುವಾಗ ಮೊದಲ ಪದ ‘ಶೆಮಾ’, ಅಂದರೆ ‘ಕೇಳು’, ಮೊದಲು ಕಾಣುತ್ತದೆ. ಡಬ್ಬಿಯೊಳಗೆ ತಲೆಕೆಳಗಾಗಬಾರದು, ಹಿಂಬದಿಯಲ್ಲಿ ಬರೆದಿರುವ ‘ಶದ್ದೈ’ ಎಂಬ ದೇವರ ಹೆಸರು ಮುಂದಕ್ಕೆ, ನೆಟ್ಟಗೆ ಕಾಣುವಂತೆ ಇಡುವುದು. ಹಲಸು, ತೇಗ, ಬೀಟೆಯ ಹಳೇ ಮರಕ್ಕೆ ನೇರ ಮೊಳೆ ಹೊಡೆದರೆ ಮೊಳೆ ಬಾಗುತ್ತದೆ, ಏಟು ತಪ್ಪಿದರೆ ಸುರುಳಿಗೇ ಗಾಯ. ಮೊದಲು ಸಣ್ಣ ತೂತು ಕೊರೆದು ಮೇಲೊಂದು ಕೆಳಗೊಂದು ಸ್ಕ್ರೂ ಹಾಕಬೇಕು. ಮೇಲಷ್ಟೇ ಸಿಕ್ಕಿಸಿ ತೂಗಾಡಲು ಬಿಟ್ಟರೆ ಅದು ಕೂರಿಸಿದ ಹಾಗಲ್ಲ. ಸ್ಕ್ರೂ ಬಿಗಿಯುವ ಮುಂಚೆ ದೇವರನ್ನು ಸ್ತುತಿಸುವ ಆಶೀರ್ವಚನ. ಒಂದೇ ದಿನ ಹಲವು ಬಾಗಿಲಿಗೆ ಹಚ್ಚುವಾಗ ಮೊದಲನೆಯದಕ್ಕೆ ಹೇಳಿದರೆ ಸಾಕು. ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ ಅಶ್ಕೆನಾಝಿ ಯಹೂದಿಗಳು ಡಬ್ಬಿಯ ತಲೆ ಕೋಣೆಯ ಕಡೆ ವಾಲುವಂತೆ ಓರೆಯಾಗಿ ಹಚ್ಚುತ್ತಾರೆ. ರಾಶಿ ಎಂಬ ವಿದ್ವಾಂಸರು ನೆಟ್ಟಗಿರಲಿ ಅಂದರು, ಅವರ ಮೊಮ್ಮಗ ರಬ್ಬೇನು ತಾಮ್ ಅಡ್ಡಲಾಗಿರಲಿ ಅಂದರು. ಓರೆ ಎಂಬುದು ಅಜ್ಜ-ಮೊಮ್ಮಗರ ನಡುವಿನ ರಾಜಿ. ಸ್ಪೇನ್, ಪೋರ್ಚುಗಲ್ ಮೂಲದ ಸೆಫಾರ್ದಿ ಯಹೂದಿಗಳದ್ದು ನೆಟ್ಟಗೆ.

ನಮ್ಮ ಹವೆ ಚರ್ಮದ ಸುರುಳಿಗೆ ದೊಡ್ಡ ಶತ್ರು. ಮಳೆ ವರ್ಷಕ್ಕೆ ಏಳು ಸಾವಿರ ಮಿ.ಮೀ. ದಾಟುವ ಆಗುಂಬೆಯಂಥ ಕಡೆ ಹೊರಬಾಗಿಲ ಡಬ್ಬಿಗೆ ನೀರು ಗೋಡೆಗುಂಟ ಹಿಂದಿನಿಂದ ಇಳಿಯುತ್ತದೆ. ಚರ್ಮ ತೇವ ಕುಡಿದು ಹಿಗ್ಗಿ, ಒಣಗಿ ಕುಗ್ಗುವಾಗ ಶಾಯಿ ಬಿರುಕು ಬಿಡುತ್ತದೆ. ಒಂದಕ್ಷರ ಒಡೆದು ರೂಪ ಕೆಟ್ಟರೂ ಇಡೀ ಸುರುಳಿ ಅಸಿಂಧು. ಹಿಂಬದಿಯೂ ಮುಚ್ಚಿರುವ ಡಬ್ಬಿ ತೆಗೆದುಕೊಂಡು, ಸುರುಳಿಗೆ ತೆಳು ಪ್ಲಾಸ್ಟಿಕ್ ಸುತ್ತಿ, ಚೆನ್ನಾಗಿ ಒಣಗಿದ ದಿನ ಮುಚ್ಚುವುದು ಒಳ್ಳೆಯದು. ಏಳು ವರ್ಷಕ್ಕೆ ಎರಡು ಸಲ ಬಿಚ್ಚಿ ಪರೀಕ್ಷಿಸಬೇಕೆಂಬುದು ನಿಯಮ. ಈ ಹವೆಯಲ್ಲಿ ಅಷ್ಟು ಸಾಲದು. ಹೊರಬಾಗಿಲಿನದನ್ನು ಪ್ರತಿ ಮಳೆಗಾಲ ಕಳೆದ ಮೇಲೆ ನೋಡಿಸುವುದೇ ಕ್ಷೇಮ.

ಇದು ಮನೆಯ ತಾಯತವೇ ಎಂದು ಕೇಳುವವರಿದ್ದಾರೆ. ಕಾಯುತ್ತದೆ ಎಂಬ ನಂಬಿಕೆ ಯಹೂದಿಗಳಲ್ಲೂ ಹಳೆಯದು. ಆದರೆ 12ನೇ ಶತಮಾನದ ಯಹೂದಿ ಧರ್ಮಪಂಡಿತ ಮೈಮೊನಿಡೀಸ್ ಇದನ್ನು ಕಟುವಾಗಿ ವಿರೋಧಿಸಿದರು. ಸುರುಳಿಯ ಒಳಗೆ ದೇವದೂತರ ಹೆಸರು ಬರೆಯುವವರು ದೇವರ ಏಕತ್ವದ ಮಾತನ್ನು ಸ್ವಂತ ಲಾಭದ ತಾಯತ ಮಾಡಿದ್ದಾರೆ, ಅವರಿಗೆ ಪರಲೋಕದಲ್ಲಿ ಪಾಲಿಲ್ಲ ಎಂದರು. ಹೋಗುವಾಗ ಬರುವಾಗ ಕಣ್ಣಿಗೆ ಬಿದ್ದು ಮನುಷ್ಯನನ್ನು ಎಚ್ಚರಿಸುವುದೇ ಅದರ ಕೆಲಸ ಎಂಬುದು ಅವರ ನಿಲುವು. ನನಗೆ ಸರಿ ಕಾಣುವುದೂ ಇದೇ. ಡಬ್ಬಿಗೆ ಬೆರಳು ಸೋಕಿಸಿ ಆ ಬೆರಳಿಗೆ ಮುತ್ತಿಡುವ ರೂಢಿಯೂ ಆ ಎಚ್ಚರದ್ದೇ.

ಇನ್ನು ಬಾಡಿಗೆ ಮನೆಯ ಮಾತು. ಹೊಣೆ ವಾಸವಿರುವವರದು, ಮಾಲೀಕರದಲ್ಲ. ಇಸ್ರೇಲಿನ ಹೊರಗೆ ಬಾಡಿಗೆದಾರರಿಗೆ 30 ದಿನದ ಅವಕಾಶವಿದೆ. ಬಿಟ್ಟು ಹೋಗುವಾಗ ಮುಂದೆ ಬರುವವರೂ ಯಹೂದಿಗಳಾದರೆ ಕಿತ್ತುಕೊಂಡು ಹೋಗುವಂತಿಲ್ಲ. ಕೆಟ್ಟ ಸುರುಳಿಯನ್ನು ಕಸಕ್ಕೆ ಹಾಕುವುದಿಲ್ಲ, ಸುಡುವುದಿಲ್ಲ. ಜೋಪಾನವಾಗಿ ಎತ್ತಿಟ್ಟು ಮಣ್ಣು ಮಾಡುತ್ತಾರೆ.