ಬಫರ್ ದಿನ ಕತ್ತರಿಸಿದರೆ ತಲೆನೋವು ಅಡಗಿ ಕೂರುತ್ತದೆ

ಲಡಾಖ್‌ನ ಮಾರ್ಖಾ ಕಣಿವೆಗೆ ಬೆಂಗಳೂರಿನಿಂದ ಟ್ರೆಕ್ಕಿಂಗ್ ಬ್ಯಾಚ್ ಕರೆದುಕೊಂಡು ಹೋಗುವುದು ನನ್ನ ಕೆಲಸ. ಈ ರೂಟ್‌ನ ಐಟಿನರಿ ತಯಾರಾಗುವುದು ಆಫೀಸಿನಲ್ಲಿ. ಶನಿವಾರ ಹೊರಟು ಮುಂದಿನ ವಾರದ ಭಾನುವಾರ ಮನೆ ಸೇರಬೇಕು, ಐದು ದಿನ ರಜೆ ಹಾಕಿದರೆ ಸಾಕು ಎನ್ನುವಂತೆ ಇರಬೇಕು. ಆ ಲೆಕ್ಕಕ್ಕೆ ಕಣಿವೆಯನ್ನು ಹೊಂದಿಸುತ್ತಾರೆ. ಹೊಂದದಿದ್ದರೆ ಮೊದಲು ಕತ್ತರಿ ಬೀಳುವುದು ಬಫರ್ ದಿನಕ್ಕೆ, ಅಂದರೆ ತೊಂದರೆ ಬಂದರೆ ಇರಲಿ ಎಂದು ಖಾಲಿ ಬಿಡುವ ದಿನಕ್ಕೆ. ಆಮೇಲೆ ದಾರಿ ಮಧ್ಯದ ಥಚುಂಗ್ಸೆ ಕ್ಯಾಂಪಿನ ರಾತ್ರಿಗೆ.

ಎತ್ತರದ ಲೆಕ್ಕ ನೋಡಿ. ಲೇಹ್ ಸುಮಾರು 3,500 ಮೀಟರ್. ಚಿಲ್ಲಿಂಗ್‌ನಿಂದ ನಡಿಗೆ ಶುರು, ಅದು ಲೇಹ್‌ಗಿಂತ ಕೆಳಗೆ. ಸ್ಕಿಯು, ಮಾರ್ಖಾ, ಹಂಕರ್ ಎಂದು ಒಂದೊಂದು ಹಳ್ಳಿ ನಿಧಾನವಾಗಿ ಏರುತ್ತದೆ. ಹಂಕರ್ ಸುಮಾರು 4,000. ಅಲ್ಲಿಯವರೆಗೆ ಏನೂ ತಕರಾರಿಲ್ಲ. ಮುಂದಿನ ರಾತ್ರಿ ನಿಮಾಲಿಂಗ್, 4,800ರ ಆಸುಪಾಸು. ಒಂದೇ ದಿನದಲ್ಲಿ ಮಲಗುವ ಎತ್ತರ 800 ಮೀಟರ್ ಜಾಸ್ತಿ ಆಯಿತು. 3,000 ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು ಎಂದು ನಮಗೆಲ್ಲ ತರಬೇತಿಯಲ್ಲಿ ಹೇಳಿಕೊಟ್ಟಿರುತ್ತಾರೆ. ಮಧ್ಯದಲ್ಲಿ ಥಚುಂಗ್ಸೆ ಇರುವುದೇ ಇದಕ್ಕೆ. ಹೊಳೆ ಪಕ್ಕದ ಹುಲ್ಲುಗಾವಲು, ಟೆಂಟ್ ಹಾಕಲು ಜಾಗ ಇದೆ, ನೀರಿದೆ. ಆದರೆ ಅಲ್ಲಿ ಫೋಟೋ ತೆಗೆಯುವಂಥದ್ದು ಏನಿಲ್ಲ. ಹಾಗಾಗಿ ಐಟಿನರಿಯಲ್ಲಿ ಅದು 'ಟೀ ಬ್ರೇಕ್' ಆಗಿಬಿಟ್ಟಿತು.

ಇದನ್ನೇ ಮೀಟಿಂಗ್‌ಗಳಲ್ಲಿ ಹೇಳಿದ್ದೆ. "ಬೇರೆಯವರೆಲ್ಲ ಹಾಗೇ ಮಾಡ್ತಿದಾರಲ್ಲ, ಯಾರಿಗೂ ಏನೂ ಆಗಿಲ್ಲ" ಎಂದು ಆಫೀಸಿನ ಆಪರೇಷನ್ಸ್‌ನವರು ಹೇಳಿದರು. ಜಾಸ್ತಿ ಜನಕ್ಕೆ ಏನೂ ಆಗುವುದಿಲ್ಲ, ನಿಜ. ತಲೆ ಸ್ವಲ್ಪ ಭಾರವಾಗುತ್ತದೆ, ನಿದ್ದೆ ಕೆಡುತ್ತದೆ, ಬೆಳಿಗ್ಗೆ ಕೊಂಗ್ಮಾರು ಲಾ ಎಂಬ ಪಾಸ್ ದಾಟಿ ಶಾಂಗ್ ಸುಮ್ದೊ ಕಡೆ ಇಳಿದರೆ ಎಲ್ಲ ಸರಿಹೋಗುತ್ತದೆ. ಆ ಕಡೆ ಇಳಿಯಬೇಕಾದರೆ 5,200 ದಾಟಿದ ಪಾಸ್ ಹತ್ತಬೇಕು ಎನ್ನುವುದನ್ನು ಮಾತ್ರ ಯಾರೂ ಯೋಚಿಸುವುದಿಲ್ಲ. ನಿಮಾಲಿಂಗ್‌ನಲ್ಲಿ ಒಬ್ಬರಿಗೆ ಜೋರಾಗಿ ಎಎಂಎಸ್ (ಎತ್ತರಕ್ಕೆ ಮೈ ಒಗ್ಗದೆ ಬರುವ ಕಾಯಿಲೆ) ಶುರುವಾದರೆ, ಹತ್ತಿರದ ದಾರಿ ಮೇಲಕ್ಕೆ ಹೋಗುತ್ತದೆ. ಕೆಳಗೆ ಹೋಗಬೇಕಾದರೆ ಬಂದ ದಾರಿಯಲ್ಲೇ ಕಣಿವೆಯೊಳಗೆ ವಾಪಸ್.

ಹೀಗೆ ಕತ್ತರಿಸಿದ ಐಟಿನರಿಯ ಒಂದು ಬ್ಯಾಚ್‌ನಲ್ಲಿ ಒಬ್ಬರಿದ್ದರು. ಮೂವತ್ತರ ಆಸುಪಾಸು, ಐಟಿ ಕೆಲಸ, ದಿನಾ ಬೆಳಿಗ್ಗೆ ಓಡುವವರು. ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದು ತಯಾರಿ ಮಾಡಿಕೊಂಡಿದ್ದರು. ಇದು ಕಾಲಿಗೆ ಒಳ್ಳೆಯದು. ಆದರೆ ಕುಮಾರ ಪರ್ವತ 1,712 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 2,000 ಮುಟ್ಟುವುದಿಲ್ಲ. ಗಾಳಿ ತೆಳುವಾದಾಗ ಮೈ ಹೇಗೆ ನಡೆದುಕೊಳ್ಳುತ್ತದೆ ಎನ್ನುವುದು ಇಲ್ಲಿಯ ಯಾವ ಬೆಟ್ಟದಲ್ಲೂ ಗೊತ್ತಾಗುವುದಿಲ್ಲ. ಫಿಟ್ ಆಗಿರುವವರಿಗೆ ಎಎಂಎಸ್ ಕಡಿಮೆ ಅಂತಲೂ ಇಲ್ಲ. ಅವರು ಬೇಗ ಹತ್ತುತ್ತಾರೆ, ಅದೇ ಕೆಲವು ಸಲ ಮುಳುವಾಗುತ್ತದೆ.

ಸ್ಕಿಯುವಿನಿಂದ ಮಾರ್ಖಾವರೆಗೆ ಅವರೇ ಎಲ್ಲರಿಗಿಂತ ಮುಂದೆ. ಮಾರ್ಖಾ ಹತ್ತಿರ ಹೊಳೆ ದಾಟುವಾಗ ಹಿಂದಿನವರ ಬ್ಯಾಗ್ ಕೂಡ ಹೊತ್ತರು. ಸಂಜೆಯ ಆಕ್ಸಿ ರೀಡಿಂಗ್‌ನಲ್ಲಿ (ಬೆರಳಿಗೆ ಆಕ್ಸಿಮೀಟರ್ ಹಾಕಿ ರಕ್ತದ ಆಮ್ಲಜನಕ ನೋಡುವುದು) ಅವರ ನಂಬರ್ ಮೇಲಿನ ಸಾಲಿನಲ್ಲೇ ಇತ್ತು. ಎಎಂಎಸ್ ಲಕ್ಷಣಗಳಿಗೆ ಅಂಕ ಹಾಕುವ ಶೀಟ್‌ನಲ್ಲಿ ತಲೆನೋವು ಸೊನ್ನೆ, ವಾಕರಿಕೆ ಸೊನ್ನೆ, ಸುಸ್ತು ಸೊನ್ನೆ, ತಲೆಸುತ್ತು ಸೊನ್ನೆ.

ಹಂಕರ್‌ನ ಹೋಂಸ್ಟೇಯಲ್ಲಿ ಅಮಾ-ಲೆ (ಮನೆಯ ಅಮ್ಮ) ಸ್ಕ್ಯು ಮಾಡಿದ್ದರು. ಹಿಟ್ಟನ್ನು ಹೆಬ್ಬೆರಳಲ್ಲಿ ಒತ್ತಿ, ತರಕಾರಿ ಹಾಕಿ ಕುದಿಸುವ ಬಿಸಿ ಊಟ. ಚಳಿಗೆ ಅದಕ್ಕಿಂತ ಬೇರೆ ಬೇಕಾಗುವುದಿಲ್ಲ. ಇವರು ಎರಡು ಚಮಚ ತಿಂದು ಬಟ್ಟಲು ಪಕ್ಕಕ್ಕಿಟ್ಟರು. ಅಮಾ-ಲೆ ನನ್ನ ಕಡೆ ನೋಡಿ ಬಟ್ಟಲು ತೋರಿಸಿದರು. ಕೇಳಿದೆ. "ಸಂಜೆ ಬಿಸ್ಕೆಟ್ ಜಾಸ್ತಿ ತಿಂದೆ" ಅಂದರು. ಡೈನಿಂಗ್‌ನಲ್ಲಿ ಎಲ್ಲರೂ ಕೂತಿದ್ದರು. ಎಲ್ಲರೆದುರು ಕೇಳಿದರೆ ಅಷ್ಟೇ ಉತ್ತರ ಸಿಗುವುದು.

ಮಾರನೆಯ ದಿನ ನಿಮಾಲಿಂಗ್. ಬೇಸಿಗೆಯಲ್ಲಿ ಕೆಳಗಿನ ಹಳ್ಳಿಯವರು ಕುರಿ, ಮೇಕೆ, ಯಾಕ್ ಹೊಡೆದುಕೊಂಡು ಬರುವ ದೊಡ್ಡ ಹುಲ್ಲುಗಾವಲು. ಎದುರಿಗೆ 6,400 ಮೀಟರ್‌ನ ಕಾಂಗ್ ಯಾತ್ಸೆ. ಅವತ್ತು ಮೋಡ ಇರಲಿಲ್ಲ. ಎಲ್ಲರೂ ಫೋಟೋ ತೆಗೆಯುತ್ತಿದ್ದಾಗ ಇವರು ಟೆಂಟ್ ಒಳಗೆ ಹೋಗಿ ಮಲಗಿದರು. ಊಟಕ್ಕೆ ಬರಲಿಲ್ಲ.

ರಾತ್ರಿ ಒಂಬತ್ತರ ಹೊತ್ತಿಗೆ ಅವರ ಟೆಂಟ್‌ಮೇಟ್ ಕಿಚನ್ ಟೆಂಟ್‌ಗೆ ಬಂದರು. "ಒಂದ್ನಿಮಿಷ ಬರ್ತೀರಾ" ಅಂತ ಮೆಲ್ಲಗೆ ಕರೆದರು. ಹೋದೆ. ಮನುಷ್ಯ ಸ್ಲೀಪಿಂಗ್ ಬ್ಯಾಗ್ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದರು. ಎಡಗಾಲಿಗೆ ಬಲಗಾಲಿನ ಶೂ. ತೆಗೆದು ಮತ್ತೆ ಅದನ್ನೇ ಹಾಕಿದರು. ಲೇಸ್ ಹಿಡಿದ ಕೈ ಗಂಟಿನ ಹತ್ತಿರ ಹೋಗಿ ನಿಂತುಬಿಡುತ್ತಿತ್ತು. "ಏನಾಗ್ತಿದೆ?" ಅಂದರೆ ಸಿಡುಕಿದರು. ಐದು ದಿನ ಎಲ್ಲರನ್ನೂ ನಗಿಸಿದ್ದ ಮನುಷ್ಯ ಅದು. ನನ್ನ ಎದೆ ಧಸಕ್ ಅಂದಿತು.

ಕೈ ಹಿಡಿದು ಡೈನಿಂಗ್ ಟೆಂಟ್‌ಗೆ ಕರೆತಂದೆ. ಚಾಪೆಯ ಅಂಚನ್ನೇ ಗೆರೆ ಮಾಡಿಕೊಂಡು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಿರಿ ಅಂದೆ. ಮೂರನೇ ಹೆಜ್ಜೆಗೆ ಎಡಕ್ಕೆ ವಾಲಿದರು. ಹಿಡಿದುಕೊಂಡೆ. "ಚಾಪೆ ಜಾರ್ತಿದೆ" ಅಂದರು. ಚಾಪೆ ತೆಗೆಸಿದೆ. ಮತ್ತೆ ನಡೆಸಿದೆ. ಎರಡನೇ ಹೆಜ್ಜೆಗೇ ಬಿದ್ದರು.

ಆಕ್ಸಿಮೀಟರ್ 84 ತೋರಿಸುತ್ತಿತ್ತು. ಆ ಎತ್ತರಕ್ಕೆ ಅದು ಸರಿಯಾದ ನಂಬರ್. ಪಕ್ಕದಲ್ಲಿದ್ದವರೊಬ್ಬರಿಗೆ 79 ಇತ್ತು, ಅವರು ಆರಾಮಾಗಿ ಚಹಾ ಕುಡಿಯುತ್ತಿದ್ದರು. "84 ಇದೆಯಲ್ಲ, ಪರವಾಗಿಲ್ಲ ಅಲ್ವಾ?" ಎಂದು ಗುಂಪಿನಲ್ಲಿ ಯಾರೋ ಕೇಳಿದರು. ಅಸಿಸ್ಟೆಂಟ್ ಲೀಡರ್ ಕೂಡ ಬೆಳಕಾಗುವವರೆಗೆ ಕಾಯೋಣ ಎನ್ನುವ ಹಾಗೆ ನನ್ನ ಮುಖ ನೋಡಿದ. ಅವನ ಯೋಚನೆಯಲ್ಲೂ ಅರ್ಥ ಇತ್ತು. ಹೊರಗೆ ಕಗ್ಗತ್ತಲೆ, ಚಳಿ, ದಾರಿಯಲ್ಲಿ ಹೊಳೆ. ಗೆರೆಯ ಮೇಲೆ ನಡೆಯಲಾಗದವರನ್ನು ಕಲ್ಲುದಾರಿಯಲ್ಲಿ ಇಳಿಸುವುದು ಹೇಗೆ?

ಆದರೆ ಇದು ಹೇಸ್. ಮಿದುಳು ಊದುತ್ತಿದೆ. ಬೆಳಕಾಗುವಷ್ಟರಲ್ಲಿ ಅವರು ಎಚ್ಚರ ತಪ್ಪಿದರೆ ಹೊತ್ತೇ ಇಳಿಸಬೇಕು. ಈಗಾದರೆ ಹಿಡಿದುಕೊಂಡು ನಡೆಸಬಹುದು. ಮಿದುಳಿನ ಊತ ಇಳಿಸುವ ಔಷಧಿ ಡೆಕ್ಸಾ 8 ಎಂಜಿ ಕೊಟ್ಟೆ, ಸಮಯ ಬರೆದೆ. ಆಕ್ಸಿಜನ್ ಸಿಲಿಂಡರ್ ಜೋಡಿಸಿದೆ. ಅಸಿಸ್ಟೆಂಟ್‌ಗೆ ಉಳಿದವರನ್ನು ಒಪ್ಪಿಸಿದೆ: ಬೆಳಿಗ್ಗೆ ಇನ್ನೊಬ್ಬರಿಗೆ ತಲೆನೋವು ಅಂದರೂ ಪಾಸ್ ಇಲ್ಲ, ಎಲ್ಲರೂ ಹಂಕರ್‌ಗೆ ವಾಪಸ್.

ಕುದುರೆಯವರು ಹಂಕರ್‌ನವರೇ. ಮೊದಲು ಬೇಡ ಅಂದರು. ತೂಕಡಿಸುವವರು ಕತ್ತಲಲ್ಲಿ ಕುದುರೆ ಮೇಲಿಂದ ಬಿದ್ದರೆ ಇನ್ನೂ ಕಷ್ಟ ಎಂದರು. ಅವರು ಹೇಳಿದ್ದು ಸರಿಯೇ. ಹಾಗಾಗಿ ದಾರಿ ಅಗಲ ಇರುವ ಕಡೆ ಕುದುರೆ ಮೇಲೆ, ಎರಡೂ ಪಕ್ಕ ಇಬ್ಬರು ತೊಡೆ ಒತ್ತಿ ಹಿಡಿಯುವುದು, ಉಳಿದ ಕಡೆ ನಡೆಸುವುದು ಎಂದು ಮಾತಾಯಿತು. ಹೊಳೆಯ ಬಗ್ಗೆ ಅವರೇ ಧೈರ್ಯ ಹೇಳಿದರು. ಸಂಜೆ ಹಿಮ ಕರಗಿ ಉಕ್ಕುವ ನೀರು ಮಧ್ಯರಾತ್ರಿ ಹೊತ್ತಿಗೆ ಇಳಿದಿರುತ್ತದೆ.

ಹೊರಡುವ ಹೊತ್ತಿಗೆ ಆ ಟೆಂಟ್‌ಮೇಟ್ ಬಂದು ನಿಂತರು. ಕಾಯಿಲೆ ಬಿದ್ದವರು ಯಾರಿಗೂ ಹೇಳಬೇಡ ಎಂದು ಇವರಿಂದ ಮಾತು ತೆಗೆದುಕೊಂಡಿದ್ದರಂತೆ. ಮಾರ್ಖಾದಲ್ಲೇ ತಲೆನೋವು ಶುರುವಾಗಿತ್ತು. ರೀಡಿಂಗ್‌ಗೆ ಮುಂಚೆ ದಿನಾ ಒಂದು ನೋವಿನ ಮಾತ್ರೆ, ಕೆಲವೊಮ್ಮೆ ಎರಡು. "ವಾಪಸ್ ಕಳಿಸ್ತಾರೆ ಅಂತ ಭಯ ಅವನಿಗೆ. ಈ ವರ್ಷ ಇನ್ನು ರಜೆ ಇಲ್ಲ" ಅಂದರು.

ಇಳಿಯುವ ದಾರಿಯಲ್ಲಿ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಅದೇ. ನಾವು ಅಂಕ ಹಾಕುವ ಆ ಶೀಟ್, ಲೇಕ್ ಲೂಯಿಸ್ ಶೀಟ್, ನಿಂತಿರುವುದೇ ತಲೆನೋವಿನ ಮೇಲೆ. ತಲೆನೋವಿದ್ದು, ಒಟ್ಟು ಅಂಕ ಮೂರು ಅಥವಾ ಅದಕ್ಕಿಂತ ಹೆಚ್ಚಾದರೆ ಎಎಂಎಸ್. ತಲೆನೋವು ಸೊನ್ನೆ ಅಂದರೆ ಉಳಿದ ಲೆಕ್ಕ ಸುಮ್ನೆ. ಮಾತ್ರೆ ತಗೊಳ್ಳುವುದು ತಪ್ಪಲ್ಲ. ತಗೊಂಡದ್ದನ್ನು ಮುಚ್ಚಿಟ್ಟು ಮೇಲಕ್ಕೆ ಹತ್ತುವುದು ಅಪಾಯ. ಮುಚ್ಚಿಡದೆ ಅವರು ಏನು ಮಾಡಬಹುದಿತ್ತು ಎಂದೂ ಯೋಚಿಸಿದೆ. ನಮ್ಮ ಐಟಿನರಿಯಲ್ಲಿ ಒಂದು ದಿನ ನಿಂತು ನೋಡಲು ಜಾಗವೇ ಇರಲಿಲ್ಲ. ನಿಜ ಹೇಳಿದರೆ ಇಡೀ ಟ್ರೆಕ್ ಹೋಯಿತು. ಸುಳ್ಳು ಹೇಳಿದರೆ ಪಾಸ್ ಸಿಗಬಹುದು. ಅಂಥ ಆಯ್ಕೆ ಅವರ ಮುಂದೆ ಇಟ್ಟದ್ದು ನಾವು.

ಹೊಳೆ ದಾಟುವಾಗ ವಾಂತಿ ಮಾಡಿದರು. ನೀರಿನ ಮಧ್ಯೆ ನಿಂತು ಬಿಟ್ಟರು, ಒಂದು ಹೆಜ್ಜೆ ಮುಂದಿಡಲಿಲ್ಲ. ಮೊಣಕಾಲಿನವರೆಗೆ ಹಿಮದ ನೀರು. ಕುದುರೆಯವರು ಒಂದು ಕಡೆ, ನಾನೊಂದು ಕಡೆ. ಹೆಸರು ಹಿಡಿದು ಕರೆದೆ, ಉತ್ತರ ಇಲ್ಲ. ಮತ್ತೆ ಕರೆದೆ. ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಕಣ್ಣು ತೆರೆದೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಕುದುರೆಯವರು ಮಾತಾಡದೆ ಬಗ್ಗಿ, ಅವರ ಒಂದು ಕಾಲನ್ನು ಕೈಯಲ್ಲಿ ಎತ್ತಿ ಮುಂದೆ ಇಟ್ಟರು. ಆಮೇಲೆ ಇನ್ನೊಂದು. ಹಾಗೇ ದಡ ಸೇರಿದೆವು. ಒದ್ದೆ ಸಾಕ್ಸ್ ತೆಗೆದು, ನನ್ನ ಒಣ ಸಾಕ್ಸ್ ಹಾಕಿ, ಮತ್ತೆ ಕುದುರೆ.

ಥಚುಂಗ್ಸೆ ಹತ್ತಿರ ಬಂದಾಗ ಅವರು ನನ್ನನ್ನು ಬೈದರು. ಸರಿಯಾಗಿ, ಪೂರ್ತಿ ವಾಕ್ಯದಲ್ಲಿ. "ನನ್ನ ಫೋನ್ ಎಲ್ಲಿ? ಯಾರನ್ನ ಕೇಳಿ ಕರ್ಕೊಂಡು ಬಂದ್ರಿ?" ಅಂದರು. ಅಷ್ಟು ಸಂತೋಷ ನನಗೆ ಯಾವ ಪಾಸ್ ಮೇಲೂ ಆಗಿಲ್ಲ.

ಹಂಕರ್ ಸೇರಿದಾಗ ಬೆಳಕು ಹರಿಯುತ್ತಿತ್ತು. ಅಮಾ-ಲೆ ಬಾಗಿಲು ತೆರೆದರು, ಏನನ್ನೂ ಕೇಳಲಿಲ್ಲ. ಒಲೆ ಹತ್ತಿರ ಕೂರಿಸಿದರು. ತ್ಸಂಪಾ (ಹುರಿದ ಬಾರ್ಲಿ ಹಿಟ್ಟು) ಗಂಜಿಯನ್ನು ಅವರು ಸ್ವಲ್ಪ ಸ್ವಲ್ಪವಾಗಿ ಪೂರ್ತಿ ಕುಡಿದರು. ಆರು ಗಂಟೆಗೊಮ್ಮೆ ಡೆಕ್ಸಾ 4 ಎಂಜಿ ಮುಂದುವರಿಸಿದೆ. ಕುದುರೆಯವರು ನಿದ್ದೆ ಮಾಡದೆ ಮತ್ತೆ ಕೆಳಗೆ ಹೋಗಿ ಜೀಪ್‌ಗೆ ಹೇಳಿ ಕಳಿಸಿದರು. ರಸ್ತೆ ಈಗ ವರ್ಷಕ್ಕಿಷ್ಟು ಎಂದು ಕಣಿವೆಯೊಳಗೆ ಬರುತ್ತಿದೆ. ನಡೆಯುವವರಿಗೆ ಅದು ಬೇಜಾರು. ಅವತ್ತು ನನಗೆ ಆ ರಸ್ತೆ ದೇವರ ಹಾಗೆ ಕಂಡಿತು. ಲೇಹ್ ಆಸ್ಪತ್ರೆಯಲ್ಲಿ ಅವರು ಚೇತರಿಸಿಕೊಂಡರು, ಮನೆಗೆ ನಡೆದುಕೊಂಡೇ ಹೋದರು.

ಫೋನ್ ವಿಷಯ ಹೇಳಲೇಬೇಕು. ಹೊರಗಿನ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ. ಸ್ಯಾಟಲೈಟ್ ಫೋನ್ ಸರ್ಕಾರದ ಅನುಮತಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ. ಗಡಿಯ ಕಾರಣ ನನಗೂ ಅರ್ಥವಾಗುತ್ತದೆ. ಆದರೆ ಸಂಪರ್ಕವೇ ಇಲ್ಲದ ಕಡೆಗೆ, ಬಫರ್ ಇಲ್ಲದ ಐಟಿನರಿಯಲ್ಲಿ ಜನರನ್ನು ಕಳಿಸುವ ಆಫೀಸಿನವರು ಎರಡನ್ನೂ ಒಟ್ಟಿಗಿಟ್ಟು ಯೋಚಿಸಬೇಕು. ಲೇಹ್‌ಗೆ ಬಂದು ನೆಟ್‌ವರ್ಕ್ ಸಿಕ್ಕ ಕೂಡಲೇ ನನಗೆ ಬಂದ ಮೊದಲ ಪ್ರಶ್ನೆ, ಗ್ರೂಪ್ ಯಾಕೆ ಸ್ಪ್ಲಿಟ್ ಮಾಡಿದೆ ಎಂಬುದು. ಎರಡನೆಯದು ರೀಫಂಡ್. ಮೂರನೆಯದು ಆಕ್ಸಿ ರೀಡಿಂಗ್ ಶೀಟ್‌ನ ಫೋಟೋ. ಅವರು ಹೇಗಿದ್ದಾರೆ ಎನ್ನುವುದು ಆಮೇಲೆ ಬಂತು.

ಈಗ ನಾನು ಕೆಲಸ ಮಾಡುವ ರೀತಿ ಬೇರೆ. ಸಂಜೆ ಎಲ್ಲರನ್ನೂ ಕೂರಿಸಿ "ಎಲ್ಲ ಓಕೆನಾ?" ಎಂದು ಕೇಳುವುದಿಲ್ಲ. ನಡೆಯುವಾಗ ಒಬ್ಬೊಬ್ಬರ ಪಕ್ಕ ಹೋಗುತ್ತೇನೆ. ತಲೆನೋವಿದೆಯಾ ಅಂತಲೂ ಮೊದಲು ಕೇಳುವುದಿಲ್ಲ. "ಬೆಳಿಗ್ಗೆಯಿಂದ ಏನೇನು ಮಾತ್ರೆ ಆಯ್ತು?" ಅನ್ನುತ್ತೇನೆ. ತಗೊಂಡಿರುವುದು ಸಹಜ ಎನ್ನುವ ಹಾಗೆ ಕೇಳಿದರೆ ಜನ ಹೇಳುತ್ತಾರೆ. ಎಎಂಎಸ್ ಬಾರದಂತೆ ತಗೊಳ್ಳುವ ಡಯಾಮಾಕ್ಸ್ 125 ಬೆಳಿಗ್ಗೆ ಸಂಜೆ ನಡೆಯುತ್ತಿದೆಯಾ, ಬಿಟ್ಟಿದ್ದಾರಾ, ನೋವಿನ ಮಾತ್ರೆ ಎಷ್ಟು, ಎಲ್ಲ ಅದರಲ್ಲೇ ಬರುತ್ತದೆ. ಹೋಂಸ್ಟೇಯಲ್ಲಿ ಯಾರ ಬಟ್ಟಲಲ್ಲಿ ಊಟ ಉಳಿಯಿತು ಎಂದು ಅಮಾ-ಲೆಯನ್ನು ಕೇಳಿ ಬರೆದುಕೊಳ್ಳುತ್ತೇನೆ. ಗೆರೆಯ ಮೇಲಿನ ನಡಿಗೆ ಹಂಕರ್‌ನಿಂದ ಎಲ್ಲರಿಗೂ ದಿನಾ, ನನಗೂ. ಎಲ್ಲರೂ ಮಾಡಿದರೆ ಯಾರಿಗೂ ಅವಮಾನ ಅನಿಸುವುದಿಲ್ಲ.

ಲೇಹ್ ಬ್ರೀಫಿಂಗ್‌ನಲ್ಲಿ ಇನ್ನೊಂದು ಮಾತು ಸೇರಿಸಿದ್ದೇನೆ. ಮೇಲೆ ಹೋಗಲು ಆಗದವರು ಹಂಕರ್‌ನಲ್ಲೇ ಉಳಿಯಬಹುದು. ಮಾರ್ಖಾ ಕಡೆಗೆ ಇಳಿಯುವ ದಾರಿಯಲ್ಲಿ ಬಂಡೆಯ ನೆತ್ತಿಯ ಮೇಲಿರುವ ತಾಚಾ ಗೊಂಪಾಕ್ಕೆ (ಬೌದ್ಧ ಮಠ) ಹೋಗಿ ಬರಬಹುದು, ಬಾರ್ಲಿ ಹೊಲದಲ್ಲಿ ಓಡಾಡಬಹುದು, ಆಮೇಲೆ ಜೀಪ್‌ನಲ್ಲಿ ಲೇಹ್. ಅವರ ಜೊತೆ ಒಬ್ಬ ಗೈಡ್ ಇರುತ್ತಾನೆ. ಇದನ್ನು ಶಿಕ್ಷೆಯ ಧಾಟಿಯಲ್ಲಿ ಹೇಳದೆ, ಟ್ರೆಕ್‌ನ ಇನ್ನೊಂದು ದಾರಿ ಎಂದೇ ಹೇಳುತ್ತೇನೆ. ಹಳ್ಳಿಯಲ್ಲಿ ಮನೆಗಳಿಗೆ ಸರದಿ ಪ್ರಕಾರ ಅತಿಥಿಗಳು ಹೋಗುತ್ತಾರೆ. ಒಂದು ರಾತ್ರಿ ಜಾಸ್ತಿ ಉಳಿದರೆ ಇನ್ನೊಂದು ಮನೆಗೆ ದುಡ್ಡು ಸಿಗುತ್ತದೆ. ನಮ್ಮ ಆಫೀಸ್ ಈ ಲೆಕ್ಕವನ್ನು ಯಾವತ್ತೂ ಹಾಕಿರಲಿಲ್ಲ.

ಮುಂದಿನ ಸೀಸನ್‌ಗೆ ಥಚುಂಗ್ಸೆಯ ರಾತ್ರಿ ಐಟಿನರಿಗೆ ಸೇರಿದೆ. ಅದಿಲ್ಲದ ಬ್ಯಾಚ್ ಲೀಡ್ ಮಾಡುವುದಿಲ್ಲ ಎಂದು ಬರೆದು ಕೊಟ್ಟ ಮೇಲೆ ಸೇರಿತು. ಬಫರ್ ದಿನ ಇನ್ನೂ ಸೇರಿಲ್ಲ. ಏಳು ದಿನ ರಜೆ ಅಂದರೆ ಬುಕಿಂಗ್ ಬರುವುದಿಲ್ಲ ಎನ್ನುತ್ತಿದ್ದಾರೆ. ಮಾರ್ಖಾಕ್ಕೆ ಯಾರ ಜೊತೆ ಹೋದರೂ, ದುಡ್ಡು ಕಟ್ಟುವ ಮುಂಚೆ ಹಂಕರ್ ಆದ ಮೇಲೆ ಯಾವ ರಾತ್ರಿ ಎಲ್ಲಿ ಮಲಗುತ್ತೇವೆ, ಬಫರ್ ಎಷ್ಟು ದಿನ ಎಂದು ಫೋನ್ ಮಾಡಿ ಕೇಳಿ. ನಾನು ಹತ್ತು ಮೀಟಿಂಗ್‌ನಲ್ಲಿ ಹೇಳುವುದಕ್ಕಿಂತ ನೀವು ಒಂದು ಸಲ ಕೇಳಿದರೆ ಅವರಿಗೆ ಬೇಗ ಕೇಳಿಸುತ್ತದೆ.